ಕುಲುಮೆಯ ಮೇಲೆ ತೂಗಿದ ಬೀಜ

ಹನ್ನೆರಡನೆಯ ದಿನವೂ ಬದನೆಯ ಸಸಿಮಡಿಯಲ್ಲಿ ಏನೂ ಇರಲಿಲ್ಲ. ಕಮ್ಮಾರ ಕಾಳಪ್ಪ ಕುಕ್ಕರಗಾಲಿನಲ್ಲಿ ಕೂತು, ಇದ್ದಿದ್ದರೆ ತಾನಾಗಿಯೇ ಕಣ್ಣಿಗೆ ಬೀಳಬೇಕಾಗಿದ್ದ ಹಸುರನ್ನು ಹುಡುಕಿ ಹುಡುಕಿ, ಕೊನೆಗೆ ತನ್ನ ಮೇಲೆಯೇ ರೇಗಿಕೊಂಡ. ನೋಡುತ್ತಾ ಕೂತರೆ ಮೊಳೆಯುತ್ತದೆಯೇ? ದಿನಾ ಬೆಳಿಗ್ಗೆ ಊರಿಗಿಂತ ಮುಂಚೆ ಎದ್ದು ಬಂದು, ಮಡಿಗೆ ಹೊದಿಸಿದ ಹುಲ್ಲನ್ನು ಒಂದು ಕೊನೆಯಿಂದ ಎತ್ತಿ, ಇಣುಕಿ, ಮತ್ತೆ ಮುಚ್ಚಿ, ಯಾರಾದರೂ ಕಂಡರೋ ಎಂದು ಆಚೀಚೆ ನೋಡಿ ಹೋಗುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಎಂಟನೆಯ ದಿನಕ್ಕೆ ಬದನೆ ಬೀಜ ಬಾಯಿ ಬಿಡಬೇಕು ಎಂದು ಊರಿನ ಹಿರಿಯ ಚೆಲುವಯ್ಯ ಹೇಳಿದ್ದ. ಹತ್ತನೆಯ ದಿನ ಅದೇ ಚೆಲುವಯ್ಯ, ‘ಬೆಳಗಿನ ತಂಡಿ ಇನ್ನೂ ಓಗಿಲ್ಲ ಕಣ್ಲಾ, ವಸಿ ತಡಿ’ ಎಂದಿದ್ದ. ಚೈತ್ರದ ಬಿಸಿಲಿಗೆ ನೆತ್ತಿ ಸುಡುತ್ತಿರುವಾಗ ಎಲ್ಲಿಯ ತಂಡಿ. ಆ ಮಾತಿನಲ್ಲಿದ್ದ ದಯೆಯನ್ನೇ ಕಾಳಪ್ಪನಿಗೆ ಸಹಿಸಲಾಗಿರಲಿಲ್ಲ. ಪಕ್ಕದ ಗುಣಿಗಳಲ್ಲಿ ಸೌತೆ, ಕುಂಬಳ ಎರಡೆರಡು ಎಲೆ ಅಗಲಿಸಿ ನಿಂತಿದ್ದವು. ಅವು ಯುಗಾದಿ ಕಳೆದ ಮೇಲೆ ಬೇರೆ ಊರಿನಿಂದ ತಂದ ಬೀಜ. ಬದನೆ ಮಾತ್ರ ಈ ಊರಿನದೇ. ಚಳಿಗಾಲವೆಲ್ಲ ಕಾಳಪ್ಪನ ಮನೆಯಲ್ಲಿ ಇದ್ದದ್ದು. ಅದೇ ಬಾವಿಯ ನೀರು, ಅದೇ ಗೊಬ್ಬರ, ಅದೇ ಬಿಸಿಲು. ತಪ್ಪು ಎಲ್ಲಿದೆ ಎಂದು ಹುಡುಕಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ.

ಅವನ ಸೊಂಟದಲ್ಲಿ ಒಂದು ಒದ್ದೆ ಬಟ್ಟೆಯ ಗಂಟಿತ್ತು. ಏಳು ದಿನದ ಹಿಂದೆಯೇ, ಎಂಟನೆಯ ದಿನದವರೆಗೆ ಕಾಯಲಾರದೆ, ಮಡಕೆಯಲ್ಲಿ ಉಳಿದಿದ್ದ ಬೀಜದಿಂದ ಒಂದು ಚಿಟಿಕೆ ತೆಗೆದು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೈಯ ಕಾವಿಗಾದರೂ ಮೊಳೆಯುತ್ತವೋ ನೋಡೋಣ ಎಂದು ಸಿಕ್ಕಿಸಿಕೊಂಡಿದ್ದ. ಹೆಂಡತಿಗೂ ಹೇಳಿರಲಿಲ್ಲ. ಗಂಟಿನ ತೇವ ಪಂಚೆಗೆ ಇಳಿದು, ಅದನ್ನು ಕಂಡ ಕುಳ್ಳಯ್ಯ ನಾಲ್ಕು ಜನರ ಮುಂದೆ, ‘ಏನಾಚಾರಿ, ಈ ವಯಸ್ನಾಗೆ ಪಂಚೇಲೇ ಉಯ್ಕತಿದ್ದೀಯಲ್ಲ’ ಎಂದು ನಗಿಸಿದ್ದ. ಕಾಳಪ್ಪನೂ ಹಲ್ಲು ಕಿರಿದಿದ್ದ. ಹಾಗೆ ಹಲ್ಲು ಕಿರಿದದ್ದು ನೆನಪಾದಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು. ಒದ್ದೆ ಪಂಚೆಗಿಂತ ಆ ನಗುವೇ ಅವಮಾನ. ಈಗ ಗಂಟು ಬಿಚ್ಚಿದ. ಬೀಜಗಳು ಊದಿ, ಅಂಟಂಟಾಗಿ, ಒಂದಕ್ಕೊಂದು ಮೆತ್ತಿಕೊಂಡಿದ್ದವು. ಒಂದನ್ನು ಉಗುರಿನಲ್ಲಿ ಒತ್ತಿದ. ಒಳಗಿನಿಂದ ಕಂದು ನೀರು ಬಂತು. ಇನ್ನೊಂದು, ಮತ್ತೊಂದು, ಇಪ್ಪತ್ತು ಒತ್ತಿ ನೋಡಿದ. ಒಂದರಲ್ಲೂ ಬಿಳಿ ಮೂತಿ ಇರಲಿಲ್ಲ. ಬೆರಳು ಮೂಸಿದರೆ ಸತ್ತದ್ದರ ವಾಸನೆ. ಸರಿ, ಇನ್ನು ತಂಡಿ, ಬಿಸಿಲು ಎಂದು ಕತೆ ಹೇಳಿಕೊಳ್ಳುವುದು ಮುಗಿಯಿತು ಎಂದುಕೊಂಡ, ಎದೆಯಲ್ಲಿ ಒಂದು ಥರದ ಹಗುರವೂ ಆಯಿತು, ಆ ಹಗುರಕ್ಕೆ ನಾಚಿಕೆಯೂ ಆಯಿತು.

ಮಾರ್ಗಶಿರದಲ್ಲಿ ಬೇವಿನಕೊಪ್ಪಲು ಖಾಲಿಯಾಗಿತ್ತು. ಯುದ್ಧದ ದಂಡು ಪಟ್ಟಣದ ಕಡೆಗೆ ಬರುತ್ತದೆ, ಹಿರೋಡೆಯ ಗುಡ್ಡದ ಕೆಳಗೇ ಬೀಡು ಬಿಡುತ್ತದೆ ಎಂದು ಸುದ್ದಿ ಬಂದು, ಹನ್ನೊಂದು ಮನೆಯವರೂ ದನ, ಮುದುಕರು, ಒನಕೆ ಎಲ್ಲ ಕಟ್ಟಿಕೊಂಡು ಅತ್ತಿಗುಪ್ಪೆಯ ದಿಕ್ಕಿಗೆ ಹೊರಟರು. ಕಾಳಪ್ಪನ ಹೆಂಡತಿ ಪುಟ್ಟಲಕ್ಷ್ಮಮ್ಮನೂ ಅವರ ಜೊತೆಗೆ ಹೋದಳು. ಕಾಳಪ್ಪ ಮಾತ್ರ ನಿಲ್ಲಬೇಕಾಯಿತು. ಎತ್ತಿಗೆ ಲಾಳ ಕಟ್ಟಲು, ಗಾಡಿಯ ಗಾಲಿಗೆ ಕಬ್ಬಿಣದ ಹಳಿ ಹೊದಿಸಲು ಒಬ್ಬ ಕಮ್ಮಾರ ಇರಲೇಬೇಕು ಎಂದು ಅಪ್ಪಣೆ. ಆ ಬೆಳಿಗ್ಗೆ ಚೆಲುವಯ್ಯನ ಹೆಂಡತಿ ಇಂದ್ರಮ್ಮ ಬದನೆ ಬೀಜದ ಮಡಕೆ ತಂದಳು. ಮೂವತ್ತು ವರ್ಷದ ಹಿಂದೆ ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜವದು. ಗುಂಡು ಕಾಯಿ, ತಿಳಿ ನೇರಳೆ, ತೊಟ್ಟಿನಲ್ಲಿ ಮುಳ್ಳು. ಊರೆಲ್ಲ ಅದನ್ನೇ ಹಾಕುತ್ತಿದ್ದರು. ‘ದಾರೀಲಿ ಏನಾಯ್ತದೋ, ನಿಂತವ್ನು ನೀನೊಬ್ನೇ. ಒಲೆ ಮ್ಯಾಲೆ ತೂಗಾಕಪ್ಪ, ವಗೆ ತಾಕ್ತಿರ್ಲಿ’ ಎಂದಳು. ಒಲೆಯ ಮೇಲೆ. ಆದರೆ ಪುಟ್ಟಲಕ್ಷ್ಮಮ್ಮ ಹೋದ ಮೇಲೆ ಆ ಮನೆಯಲ್ಲಿ ಒಲೆ ಎಲ್ಲಿ ಉರಿಯಿತು? ಕಾಳಪ್ಪ ಮುದ್ದೆ ಬೇಯಿಸಿಕೊಂಡದ್ದೂ ಕುಲುಮೆಯ ಕೆಂಡದಲ್ಲೇ. ತಣ್ಣಗೆ ಬಿದ್ದ ಒಲೆಯ ಮೇಲೆ ತೂಗಿದರೆ ಹುಳು ಹಿಡಿಯುತ್ತದೆ ಎಂದು ಹೊಳೆದು, ಕುಲುಮೆಯೆಂದರೆ ಅಪ್ಪ, ಅಜ್ಜ ಕೈಮುಗಿದ ಜಾಗ, ಮನೆಯಲ್ಲಿ ಇದಕ್ಕಿಂತ ಶುದ್ಧವಾದದ್ದು ಬೇರೆ ಯಾವುದಿದೆ ಎಂದು, ಅದರ ಮೇಲಿನ ತೊಲೆಗೆ ಮಡಕೆಯನ್ನು ಕಟ್ಟಿದ. ಕಟ್ಟಿ ಕೈಯನ್ನೂ ಮುಗಿದ. ಆಮೇಲೆ ದಂಡು ಬಂತು. ಒಂದು ಹೋಯಿತು, ಇನ್ನೊಂದು ಬಂತು. ಯಾವ ದಂಡು ಎಂದು ಕೇಳುವ ಗೋಜಿಗೆ ಅವನು ಹೋಗಲಿಲ್ಲ. ಎಲ್ಲ ದಂಡಿನ ಎತ್ತಿಗೂ ಗೊರಸು ಒಂದೇ ರೀತಿ ಸವೆದಿರುತ್ತಿತ್ತು. ತಿದಿ ಒತ್ತಿ ಒತ್ತಿ ಕುಲುಮೆ ದಿನವಿಡೀ ಬೆಳ್ಳಗೆ ಉರಿಯಿತು. ಮಡಕೆಯ ಅಡಿ ಕಪ್ಪಾದದ್ದನ್ನು ನೋಡಿ, ಹೊಗೆ ಚೆನ್ನಾಗಿ ತಾಕಿದೆ ಎಂದು ಸಂತೋಷಪಟ್ಟಿದ್ದ, ಮುಠ್ಠಾಳ.

ಪಟ್ಟಣದಲ್ಲಿ ರಾಜಿಯಾಯಿತಂತೆ ಎಂದು ಕೇಳಿ ಜನ ವಾಪಸು ಬಂದದ್ದು ಪರಿಧಾವಿ ಸಂವತ್ಸರದ ಯುಗಾದಿಗೆ. ಎತ್ತು ಅರ್ಧಕ್ಕರ್ಧ ಇಲ್ಲ, ನೆಲದೊಳಗಿನ ಹಗೇವಿನಲ್ಲಿ ರಾಗಿ ಇಲ್ಲ. ಆಗ ಚೆಲುವಯ್ಯ ತನ್ನ ಜಗಲಿಯ ಮೇಲೆ ಹುಣಿಸೆ ಬೀಜ ಹರಡಿಕೊಂಡು ಲೆಕ್ಕ ಹಾಕಿದ. ಸೌತೆ, ಕುಂಬಳ ಈಗಲೇ ಗುಣಿಗೆ, ಅವು ಆಷಾಢದವರೆಗೆ. ಬದನೆ ಮೂವತ್ತು ದಿನ ಮಡಿಯಲ್ಲಿ, ಕೃತ್ತಿಕೆಯ ಮೊದಲ ಮಳೆಗೆ ನಾಟಿ, ಅಲ್ಲಿಂದ ಎರಡು ತಿಂಗಳಿಗೆ ಕಾಯಿ. ಆಮೇಲೆ ಕಾರ್ತಿಕದಲ್ಲಿ ರಾಗಿ ಕೊಯ್ಯುವವರೆಗೆ ಬಿಡುತ್ತಲೇ ಇರುತ್ತದೆ. ‘ಬದ್ನೆ ನಮ್ನ ಕೈ ಬುಡಾಕಿಲ್ಲ’ ಎಂದ. ಹನ್ನೊಂದು ಮನೆಗೂ ಒಂದೇ ಮಡಿ, ಒಂದೇ ಬಾವಿ, ಒಂದೇ ಕಾವಲು. ಕಾವಲು ಕಾಳಪ್ಪನಿಗೆ. ಬೀಜ ಉಳಿಸಿದವನಿಗೆ ಬಾವಿಯ ಕೆಳಗೆ ಎರಡು ಗುಂಟೆಯ ಒಂದು ಪಟ್ಟಿ ಸಲ್ಲಬೇಕು ಎಂದೂ ಚೆಲುವಯ್ಯನೇ ಹೇಳಿದ. ಕಾಳಪ್ಪನ ವಂಶದಲ್ಲಿ ನೆಲ ಎಂಬುದು ಅದೇ ಮೊದಲು. ಅವನ ಅಪ್ಪ ವರ್ಷವೆಲ್ಲ ಊರಿನ ನೇಗಿಲಿಗೆ ಗುಳ ತಟ್ಟಿ, ಸುಗ್ಗಿಯಲ್ಲಿ ಕಣದ ಅಂಚಿಗೆ ಚೀಲ ಹಿಡಿದು ನಿಲ್ಲುತ್ತಿದ್ದ. ರಾಶಿ ಅಳೆದು, ದೇವರಿಗೆ ತೆಗೆದು, ಎಲ್ಲರೂ ತುಂಬಿಕೊಂಡ ಮೇಲೆ, ‘ಇನ್ಯಾರವ್ರೆ? ಓ, ಆಚಾರಿ’ ಎಂದು ಯಾರಾದರೂ ನೆನಪಿಸಿಕೊಳ್ಳುವವರೆಗೆ ಅವನು ಕೆಮ್ಮುತ್ತಲೂ ಇರಲಿಲ್ಲ. ಕಾಳಪ್ಪ ಆ ಕಣದಲ್ಲಿ ಅಪ್ಪನ ಪಕ್ಕ ನಿಂತು ಬೆಳೆದವನು. ಪಟ್ಟಿ ಸಿಕ್ಕಿದ ದಿನ ಅವನು ಅದರ ಮಣ್ಣನ್ನು ಬರಿಗೈಯಲ್ಲಿ ಪುಡಿ ಮಾಡಿದ್ದ, ಬೆಳಗಿನಿಂದ ಸಂಜೆಯವರೆಗೆ, ಗುದ್ದಲಿ ಪಕ್ಕದಲ್ಲೇ ಇದ್ದರೂ.

ಪುಟ್ಟಲಕ್ಷ್ಮಮ್ಮ ಅಂಬಲಿ ತಂದಾಗ ಅವನು ಬಿಚ್ಚಿದ ಬಟ್ಟೆಯನ್ನು ಮುಚ್ಚಲಿಲ್ಲ. ಅವಳು ನೋಡಿದಳು, ಬಗ್ಗಿ ಮೂಸಿದಳು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ‘ಸುಟ್ಟೋಗವೆ’ ಎಂದ ಕಾಳಪ್ಪ. ‘ನಾನೇ ಸುಟ್ಟೆ. ಕುಲ್ಮೆ ಮ್ಯಾಲೆ ಕಟ್ಟಿದ್ದೆ.’

‘ಯಾರ್ಗಾನಾ ಯೋಳಿದ್ದೀಯ?’

‘ಇಲ್ಲ.’

‘ಯೋಳ್ಬ್ಯಾಡ. ಇರ್ವೆ ತಿಂದೋದ್ವು ಅನ್ನು. ಇರ್ವೆ ಬಂದು ಸಾಕ್ಷಿ ಯೋಳ್ತದಾ?’ ಅವಳ ದನಿಯಲ್ಲಿ ಹೆದರಿಕೆ ಇತ್ತು. ‘ಆ ಪಟ್ಟಿ ಕಿತ್ಕತಾರೆ. ಇನ್ನು ನಾನು ಯಾವ ಕಣದ ಮುಂದೂ ನಿಲ್ಲಾಕಿಲ್ಲ, ನಿನ್ಗೂ ಯೋಳಿವ್ನಿ.’ ಅಂಬಲಿಯ ಚೆಂಬನ್ನು ಅವನ ಕೈಗೆ ಕೊಟ್ಟು, ಮಡಿಯ ಮೇಲಿನ ಹುಲ್ಲನ್ನು ಅವನಿಗಿಂತ ಅಚ್ಚುಕಟ್ಟಾಗಿ ಸರಿಪಡಿಸಿದಳು. ಸುಳ್ಳಿಗೆ ಮುಸುಕು ಹಾಕುತ್ತಿದ್ದಾಳೆ ಎಂದುಕೊಂಡ ಕಾಳಪ್ಪ. ಆದರೂ ಇರುವೆ ಎಂಬುದು ಕೆಟ್ಟ ಮಾತಾಗಿ ಕೇಳಲಿಲ್ಲ. ಇರುವೆ ಯಾರ ಜಾತಿಯದೂ ಅಲ್ಲ, ಯಾರಿಗೂ ಅವಮಾನವಿಲ್ಲ.

ಬಿಸಿಲು ಏರುವ ಮುಂಚೆ ಚೆಲುವಯ್ಯ ಬಂದ, ಹಿಂದೆ ಇಂದ್ರಮ್ಮ, ಅವರ ಹಿಂದೆ ಕುಳ್ಳಯ್ಯ, ಇನ್ನೂ ನಾಲ್ಕೈದು ಜನ. ಹುಲ್ಲು ತೆಗೆಸಿ ನೋಡಿದರು. ಚೆಲುವಯ್ಯ ಮಣ್ಣನ್ನು ಚಿವುಟಿ ನಾಲಿಗೆಗೆ ಹಚ್ಚಿಕೊಂಡ. ಕಾಳಪ್ಪ ಇರುವೆಯ ಮಾತನ್ನು ಬಾಯಿಗೆ ತಂದುಕೊಂಡು ನಿಂತಿದ್ದ. ಅದನ್ನು ಆಡುವ ಅಗತ್ಯವೇ ಬೀಳಲಿಲ್ಲ. ಕುಳ್ಳಯ್ಯನೇ, ‘ಗೊತ್ತಾಯ್ತು ಬುಡಿ. ಇದು ಕುದ್ರೆ ಕಟ್ಟಿದ್ ಜಾಗ. ಸುಡೋ ಲದ್ದಿ ಇಳ್ದು ಮಣ್ಣೇ ಕೆಟ್ಟದೆ. ಬೀಜ ಎಂಗೆ ಉಟ್ಟೀತು’ ಎಂದ. ಎಲ್ಲರ ಮುಖದಲ್ಲೂ ಒಂದು ಬೆಳಕು ಬಂತು. ಹೌದು, ದಂಡಿನವರದೇ ಕೆಲಸ. ಬಾವಿ ಕಟ್ಟೆ ಕೆಡವಿದರು, ಹೊಂಗೆ ಮರ ಕಡಿದರು, ಈಗ ಬದನೆಯನ್ನೂ ಕೊಂದರು. ಒಬ್ಬೊಬ್ಬರೂ ದಂಡಿನ ಮೇಲೆ ಒಂದೊಂದು ಮಾತು ಸೇರಿಸಿದರು, ಸೇರಿಸುತ್ತಾ ಸೇರಿಸುತ್ತಾ ಗೆಲುವಾದರು. ಕಾಳಪ್ಪನ ಬೆನ್ನಿನ ಮೇಲೆ ಯಾರೋ ಕೈಯಿಟ್ಟು, ‘ಆಚಾರಿ ಪಾಪ, ದಿನಾ ನೀರ್ ಉಯ್ದಿದ್ದೇ ಬಂತು’ ಎಂದರು. ಹೆಂಡತಿ ದೂರದಿಂದ ಅವನನ್ನು ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಇಷ್ಟು ಸುಲಭವಾಗಿ ಯಾರನ್ನೂ ಯಾವ ಊರೂ ಕ್ಷಮಿಸಿರಲಾರದು.

ಚೆಲುವಯ್ಯ ಅಷ್ಟಕ್ಕೆ ನಿಲ್ಲಲಿಲ್ಲ. ಬೆರಳು ಮಡಿಚಿ ಎಣಿಸತೊಡಗಿದ. ‘ಮಡ್ಕೇಲಿ ಇನ್ನೂ ಅರ್ಧ ಬೀಜ ಅವೆ. ನಾಳೀಕೆ ಬಾವಿ ಆಚೆ ಕಡೆ ಇನ್ನೊಂದ್ ಮಡಿ ಮಾಡಾಣ, ಅಲ್ಲಿ ಕುದ್ರೆ ನಿಂತಿರ್ನಿಲ್ಲ. ನಾಟಿ ಕೃತ್ತಿಕೆಗೆ ಆಗ್ದಿದ್ರೆ ರೋಹಿಣಿಗೆ. ಹದ್ನೈದ್ ದಿನ ಹಿಂದಾಯ್ತದೆ, ಹೊಟ್ಟೆ ಬಿಗಿ ಇಡ್ಕಳಾಣ.’ ಕಾಳಪ್ಪ ಆ ಬೆರಳುಗಳನ್ನೇ ನೋಡಿದ. ಹೊಸ ಮಡಿ, ಹನ್ನೆರಡು ದಿನ ಕಾಯುವುದು, ಆಮೇಲೆ ಮತ್ತೆ ಹುಲ್ಲು ಎತ್ತಿ ನೋಡುವುದು. ಅಷ್ಟರಲ್ಲಿ ಯಾರ ಬಳಿಯೂ ಸಸಿ ಉಳಿದಿರುವುದಿಲ್ಲ, ಬಿತ್ತುವ ಕಾಲವೂ ದಾಟಿರುತ್ತದೆ. ಆಗಲೂ ಇವರು ಕಾಳಪ್ಪನನ್ನು ಬೈಯುವುದಿಲ್ಲ. ಆ ಮಣ್ಣಿಗೂ ಏನಾದರೊಂದು ಕಾರಣ ಹುಡುಕುತ್ತಾರೆ. ಶ್ರಾವಣದಲ್ಲಿ ಹಸಿದುಕೊಂಡು ಜಗಲಿಯ ಮೇಲೆ ಕೂತು ದಂಡನ್ನು ಬೈಯುತ್ತಾರೆ, ಅವನೂ ಅವರ ಪಕ್ಕ ಕೂತು ಬೈಯಬೇಕು, ಅವರು ನಕ್ಕಾಗ ಹಲ್ಲು ಕಿರಿಯಬೇಕು. ಅವನಿಗೆ ತನ್ನ ಮೇಲೆ, ಅವರ ಮೇಲೆ, ಆ ದಯೆಯ ಮೇಲೆ, ಬೆನ್ನಿನ ಮೇಲಿದ್ದ ಕೈಯ ಮೇಲೆ ವಿಪರೀತ ಸಿಟ್ಟು ಬಂತು. ಪಾಪ ಎನ್ನಿಸಿಕೊಂಡು ಬದುಕುವುದಕ್ಕಿಂತ ಪಾಪಿ ಎನ್ನಿಸಿಕೊಳ್ಳುವುದೇ ವಾಸಿ ಎನ್ನಿಸಿತು.

‘ಅವೂ ಉಟ್ಟಾಕಿಲ್ಲ’ ಎಂದ. ಅವರು ತಿರುಗಿದರು. ‘ಮಡ್ಕೇಲಿರೋವೂ ಸತ್ತವೆ. ಕುದ್ರೆ ಲದ್ದಿ ಅಲ್ಲ, ಇರ್ವೆ ಅಲ್ಲ. ನಾನು ಕುಲ್ಮೆ ಮ್ಯಾಲೆ ಕಟ್ಟಿದ್ದೆ, ಕಾವಿಗೆ ಬೆಂದೋದ್ವು.’ ಸೊಂಟದಿಂದ ತೆಗೆದ ಬಟ್ಟೆಯನ್ನು ಮಡಿಯ ಅಂಚಿನ ಮೇಲೆ ಹಾಸಿದ. ‘ಏಳ್ ದಿನ ಮೈಗ್ ಕಟ್ಕಂಡಿದ್ದೆ. ನೋಡ್ಕಳಿ.’

ಬಗ್ಗಿ ನೋಡಿದವಳು ಇಂದ್ರಮ್ಮ ಒಬ್ಬಳೇ. ಒಂದೊಂದೇ ಬೀಜವನ್ನು ಬೆರಳಿನ ತುದಿಯಿಂದ ಬೇರ್ಪಡಿಸಿದಳು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ‘ಒಂದೂ ಬದ್ಕಿಲ್ವ?’ ಎಂದು ಕೇಳಿದಳು.

‘ಒಂದೂ ಇಲ್ಲ ಕಣವ್ವ.’

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಎದುರು ಮಾತಾಡಬಹುದಿತ್ತು. ಮೂವತ್ತು ವರ್ಷ ಒಂದು ವರ್ಷವೂ ತಪ್ಪದೆ ಬಿತ್ತಿ, ಬಲಿಸಿ, ತೊಳೆದು, ಒಣಗಿಸಿ ಇಟ್ಟದ್ದು. ಅವಳ ತವರಿನಲ್ಲಿ ಈಗ ಆ ಬೀಜ ಹಾಗಿರಲಿ, ತವರೇ ಇಲ್ಲ. ಆ ಗುಂಡು ಕಾಯಿ ಇನ್ನು ಎಲ್ಲಿಯೂ ಬಿಡುವುದಿಲ್ಲ.

ಕುಳ್ಳಯ್ಯನಿಗೆ ಮಾತ್ರ ಬಾಯಿ ಬಂತು. ‘ಕುಲ್ಮೆಗೆ ಬೀಜ ತೂಗಾಕೋ ಮನ್ಸ ಎಲ್ಲಾರ ಉಂಟಾ? ಒಳ್ಳೇ ಬೀಜ ಯಾವ ದಂಡಿನೋನ್ಗ್ ಕೊಟ್ಟು ಇದ್ನ ತುಂಬಿಟ್ಟಿದ್ದೀಯ, ನಿಜ ಯೋಳ್ಲಾ.’

‘ದಂಡಿನೋರು ಬದ್ನೆ ಬಿತ್ತಾಕ್ ಬಂದಿದ್ರೇನ್ಲಾ ಕುಳ್ಳಯ್ಯ?’ ಎಂದ ಕಾಳಪ್ಪ. ಯಾರೋ ಫಕ್ಕನೆ ನಕ್ಕು ನುಂಗಿಕೊಂಡರು. ‘ತಪ್ಪು ಮಾಡಿವ್ನಿ. ಕಳ್ತನ ಮಾಡಿಲ್ಲ.’

ಆಗ ಚೆಲುವಯ್ಯ ಮುಂದೆ ಬಂದ. ಊರಿನಲ್ಲಿ ಹಿಂದಿನಿಂದ ಬಂದ ಪದ್ಧತಿ ಎರಡಿತ್ತು. ಬೀಜ ಕೆಡಿಸಿದವನು ಆ ವರ್ಷ ನೆಲಕ್ಕೆ ಕೈಯಿಕ್ಕಬಾರದು. ಊರಿನ ಬೀಜ ಸತ್ತರೆ ಊರಿನವನೊಬ್ಬ ತಲೆಗೆ ಬಟ್ಟೆ ಹಾಕಿಕೊಂಡು, ಮೇಲುವಸ್ತ್ರ ಒಡ್ಡಿ, ಬೇರೆ ಊರಿಗೆ ಹೋಗಿ ಬೀಜ ಬೇಡಬೇಕು. ಮೊದಲನೆಯದನ್ನು ಅವನು ಅಲ್ಲೇ ತೀರ್ಮಾನ ಮಾಡಿದ: ಪಟ್ಟಿ ವಾಪಸು. ಎರಡನೆಯದಕ್ಕೆ, ತೊಣ್ಣೂರಿನ ಕೆರೆಯ ಕೆಳಗೆ ಸಸಿ ಇರಬಹುದು, ಯಾರು ಹೋಗುತ್ತೀರಿ ಎಂದು ಸುತ್ತ ನೋಡಿದ. ಯಾರೂ ಅಲುಗಲಿಲ್ಲ. ಬೇವಿನಕೊಪ್ಪಲಿನವನು ತೊಣ್ಣೂರಿನಲ್ಲಿ ತಲೆಗೆ ಬಟ್ಟೆ ಹಾಕುವುದೆಂದರೇನು; ಕುಳ್ಳಯ್ಯನ ನಾದಿನಿಯನ್ನು ಕೊಟ್ಟಿರುವ ಊರು ಅದು. ಕಾಳಪ್ಪ ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ಹಸಿವಿಗಿಂತ ನಾಚಿಕೆ ದೊಡ್ಡದಾಗಿ ಕೂತಿತ್ತು ಆ ಮುಖಗಳಲ್ಲಿ, ಸ್ವಲ್ಪ ಹೊತ್ತಿನ ಮುಂಚೆ ತನ್ನ ಮುಖದಲ್ಲೂ ಅದೇ ಇತ್ತು.

‘ನಾನ್ ಓಯ್ತೀನಿ’ ಎಂದ. ‘ಬಟ್ಟೆ ಆಕ್ಕಳಾಕಿಲ್ಲ. ಪಟ್ಟೀನೂ ಬುಡಾಕಿಲ್ಲ.’

‘ಅದ್ಯಾಕ್ ಬುಡಾಕಿಲ್ವೋ ನೋಡ್ತೀನಿ’ ಎಂದ ಕುಳ್ಳಯ್ಯ.

‘ಓದ್ವರ್ಸ ನೀನು ರಾಗಿ ಬೀಜ ಇಲಿಗ್ ಬುಟ್ಟಿದ್ದೆಯಲ್ಲ, ನಿನ್ ಕೈ ಯಾರ್ಲಾ ಕಟ್ಟಾಕಿದ್ರು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾಳಪ್ಪ ಮನೆಯ ಕಡೆ ನಡೆದ. ಮನೆಯಲ್ಲಿ ಪುಟ್ಟಲಕ್ಷ್ಮಮ್ಮ ಸುತ್ತಿಗೆ, ಇಕ್ಕಳ, ಅರ, ಸಣ್ಣ ತಿದಿಯನ್ನು ಚೀಲಕ್ಕೆ ತುಂಬಿದಳು. ಸಿಟ್ಟಿನಿಂದ ಒಂದೊಂದನ್ನೂ ಎಸೆದೇ ತುಂಬಿದಳು. ಹೊರಡುವಾಗ, ‘ಒಡ್ಡಾಕ್ ಬಟ್ಟೆ ಬ್ಯಾಡ್ವಾ?’ ಎಂದು ಕೇಳಿದಳು. ಬೇಡ ಎಂದ. ‘ಬ್ಯಾಡ’ ಎಂದು ಅವಳೂ ಹೇಳಿದಳು, ಅವನಿಗಿಂತ ಗಟ್ಟಿಯಾಗಿ.

ದಾರಿಯುದ್ದಕ್ಕೂ ಅವನು ಜಗಳವಾಡುತ್ತಲೇ ನಡೆದ. ಚೆಲುವಯ್ಯನಿಗೆ ಹೇಳಬೇಕಾಗಿದ್ದ ಮಾತುಗಳು ಹಿರೋಡೆ ದಾಟಿದ ಮೇಲೆ ಒಂದರ ಹಿಂದೊಂದು ಬಂದವು. ನಿಮ್ಮ ಗುಳ ಮುರಿದಾಗ ನಾನು ಯಾವತ್ತಾದರೂ ನಿಮ್ಮನ್ನು ಉಳಬೇಡಿ ಎಂದಿದ್ದೇನೆಯೇ? ಕಬ್ಬಿಣ ತಪ್ಪಾಗಿ ಬಾಗಿದರೆ ಮತ್ತೆ ಕಾಯಿಸುತ್ತೇನೆ, ಮತ್ತೆ ಬಡಿಯುತ್ತೇನೆ. ಒಂದು ಸಲ ಬಾಗಿದ್ದಕ್ಕೆ ಅದನ್ನು ಬಾವಿಗೆ ಎಸೆಯುವವನು ಕಮ್ಮಾರನೇ ಅಲ್ಲ. ಹಾಗೆ ಗಟ್ಟಿಯಾಗಿ ಹೇಳಿಕೊಂಡಾಗ ತಾನೇ ಸರಿ ಎನ್ನಿಸುತ್ತಿತ್ತು. ನಾಲ್ಕು ಹೆಜ್ಜೆ ಹಾಕಿದರೆ ಇಂದ್ರಮ್ಮನ ಬೆರಳು ಬೀಜಗಳನ್ನು ಬೇರ್ಪಡಿಸುವುದು ಕಾಣುತ್ತಿತ್ತು. ಅದನ್ನು ಮತ್ತೆ ಕಾಯಿಸಿ ಬಡಿಯಲು ಆಗುವುದಿಲ್ಲ. ಸುಟ್ಟ ಗದ್ದೆ, ಬಿದ್ದ ಗೋಡೆ, ನೆರಳಿಲ್ಲದ ರಸ್ತೆ. ಒಂದು ಕಡೆ ಗಾಡಿಯ ಮುರಿದ ಗಾಲಿ ಬಿದ್ದಿತ್ತು. ಹಳಿ ತಾನೇ ಹೊದಿಸಿದ್ದೋ ಏನೋ ಎಂದು ನಿಂತು ನೋಡಿದ. ಅವನದಲ್ಲ. ತನ್ನ ಬೆಸುಗೆ ಹಾಗೆ ಬಿಡುವುದಿಲ್ಲ ಎಂದು ಒಂದು ಕ್ಷಣ ಹೆಮ್ಮೆಪಟ್ಟು, ಈ ಹೊತ್ತಿನಲ್ಲಿ ಇದೆಂಥ ಹೆಮ್ಮೆ ಎಂದು ಉಗಿದು, ಮುಂದೆ ನಡೆದ.

ತೊಣ್ಣೂರಿನ ಕೆರೆಯ ಕೆಳಗೆ ಸೋಮಮ್ಮ ಎಂಬ ಮುದುಕಿಯ ತೋಟದಲ್ಲಿ ಆರು ಮಡಿ ಬದನೆ ಸಸಿ ಎದ್ದು ನಿಂತಿದ್ದವು, ಗೇಣುದ್ದ, ನಾಟಿಗೆ ಹದವಾಗಿ. ಕಾಳಪ್ಪನಿಗೆ ಅವುಗಳನ್ನು ನೋಡಿ ಹೊಟ್ಟೆಕಿಚ್ಚಾಯಿತು. ಸೋಮಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಬೀಜ ಸತ್ತೋರು ತಲೆಗ್ ಬಟ್ಟೆ ಆಕ್ಕಂಡ್ ಬತ್ತಾರೆ. ನೀನು ಸುತ್ಗೆ ಇಡ್ಕಂಡ್ ಬಂದಿದ್ದೀಯಲ್ಲ’ ಎಂದಳು.

‘ಬೇಡಾಕ್ ಬಂದಿಲ್ಲ ಕಣವ್ವ. ಗೇದು ತಕ್ಕಂಡೋಗಾಕ್ ಬಂದಿವ್ನಿ.’

‘ಬೀಜ ಎಂಗ್ ಸತ್ತೋದ್ವು?’

‘ನಾನ್ ಸಾಯ್ಸ್ದೆ’ ಎಂದು, ಹೇಗೆಂಬುದನ್ನೂ ಹೇಳಿದ. ಅವಳು ನಕ್ಕಳು. ಬೊಚ್ಚು ಬಾಯಿ ಪೂರ್ತಿ ತೆರೆದು, ಪಕ್ಕದ ತೋಟದವರನ್ನು ಕರೆದು, ಇನ್ನೊಂದು ಸಲ ಹೇಳಿಸಿ ನಕ್ಕಳು. ಕಾಳಪ್ಪ ಇನ್ನೊಂದು ಸಲವೂ ಹೇಳಿದ. ಈ ಸಲ ಹಲ್ಲು ಕಿರಿಯಲಿಲ್ಲ. ನಗು ಮುಗಿದ ಮೇಲೆ ಅವಳು ಮಡಿಗಳ ಕಡೆ ಕೈ ತೋರಿಸಿ, ‘ಕೆರೆ ಕೆಳ್ಗಿನೋರ್ಗೆಲ್ಲ ಅಂತ ಬಿತ್ತಿದ್ದೆ. ಅರ್ಧ ಜನ ಗುಳೆ ಓದೋರು ಬರ್ಲೇ ಇಲ್ಲ. ನೆಡೋರಿಲ್ದೆ ಸಸಿ ಬಲ್ತೋಯ್ತಾವೆ’ ಎಂದಳು. ಬರದೇ ಇದ್ದವರ ಮನೆಗಳ ಗುದ್ದಲಿ, ಕುಡುಗೋಲು, ಗುಳ ಎಲ್ಲ ತುಕ್ಕು ಹಿಡಿದು ಬಿದ್ದಿವೆ, ಅವನ್ನೆಲ್ಲ ತಟ್ಟಿ ಕೊಡು, ಬಂದರೆ ಬೇಕಾಗುತ್ತದೆ ಎಂದಳು. ಮೂರು ದಿನ ಹುಣಿಸೆ ಮರದ ಕೆಳಗೆ ಅವನು ಬಡಿದ. ಬಾರದವರ ಕುಡುಗೋಲುಗಳಿಗೆ ಹಲ್ಲು ಕೊಯ್ದ. ಇವು ಯಾರ ಕೈಗೆ ಸೇರುತ್ತವೋ ಎಂದು ಯೋಚಿಸಿದರೆ ಕೈ ನಿಲ್ಲುತ್ತಿತ್ತು, ಆದ್ದರಿಂದ ಯೋಚಿಸಲಿಲ್ಲ. ನಾಲ್ಕನೆಯ ಬೆಳಿಗ್ಗೆ ಸೋಮಮ್ಮ ತಾನೇ ಸಸಿ ಕಿತ್ತು, ಬೇರನ್ನು ಸಗಣಿ ಬಗ್ಗಡದಲ್ಲಿ ಅದ್ದಿ, ಎಲೆ ಅರ್ಧಕ್ಕೆ ಚಿವುಟಿ, ಮುತ್ತುಗದ ಎಲೆಯಲ್ಲಿ ಕಟ್ಟು ಕಟ್ಟಿದಳು. ದೊಡ್ಡ ಬಿದಿರಿನ ಮಂಕರಿ ತುಂಬ. ‘ಇವತ್ತೇ ಇಳ್ವತ್ನಲ್ಲಿ ನೆಟ್ಬುಡು. ನಾಳೆ ಅಂದ್ರೆ ಬಾಡೋಯ್ತವೆ. ಉಯ್ಯೋ ನೀರ್ ಇದ್ರೆ ಸಾಕು, ಮಳೆಗೆ ಕಾಯ್ಬ್ಯಾಡ’ ಎಂದಳು.

ಬೇವಿನಕೊಪ್ಪಲು ಸೇರಿದಾಗ ಹೊತ್ತು ಇಳಿಮುಖವಾಗಿತ್ತು. ಮಂಕರಿಯ ಭಾರಕ್ಕೆ ಕತ್ತು ನೆಟ್ಟಗೆ ತಿರುಗುತ್ತಿರಲಿಲ್ಲ. ಚೆಲುವಯ್ಯನ ಜಗಲಿಗೆ ಹೋಗಿ ಮಂಕರಿ ಇಳಿಸಿ, ಕೈ ಕಟ್ಟಿ ನಿಲ್ಲಬೇಕೆಂದು ಎಲ್ಲರೂ ನಿರೀಕ್ಷಿಸುತ್ತಾರೆ ಎಂದು ಗೊತ್ತಿತ್ತು. ಅವನು ನೇರವಾಗಿ ಬಾವಿಯ ಕೆಳಗಿನ ಪಟ್ಟಿಗೆ ಹೋದ. ಮಂಕರಿಯನ್ನು ಹೊಂಗೆಯ ಮೋಟಿನ ನೆರಳಿಗೆ ಇಟ್ಟು, ಒಂದು ಕಟ್ಟು ಬಿಚ್ಚಿ, ಗೂಟದಿಂದ ಕುಳಿ ಮಾಡಿ, ಮೊದಲ ಸಸಿಯನ್ನು ನೆಟ್ಟ. ಎರಡನೆಯದನ್ನು ನೆಟ್ಟ. ಪುಟ್ಟಲಕ್ಷ್ಮಮ್ಮ ಎಲ್ಲಿಂದಲೋ ಬಂದು, ಏನನ್ನೂ ಕೇಳದೆ, ಕಟ್ಟಿನಿಂದ ಒಂದೊಂದೇ ಸಸಿ ತೆಗೆದು ಕೊಡತೊಡಗಿದಳು. ಒಂದು ಸಾಲು ಮುಗಿಯುವಷ್ಟರಲ್ಲಿ ಬಾವಿಯ ಪಕ್ಕದ ಏರಿಯ ಮೇಲೆ ಊರು ಸೇರಿತ್ತು. ಅವರ ಕಣ್ಣು ಅವನ ಮೇಲೆ ಇರಲಿಲ್ಲ, ಮಂಕರಿಯ ಮೇಲಿತ್ತು. ಅಷ್ಟು ಹಸುರನ್ನು ಅವರು ಈ ವರ್ಷ ಒಂದೇ ಕಡೆ ನೋಡಿರಲಿಲ್ಲ.

‘ಮುಟ್ಬ್ಯಾಡ ಅಂದಿದ್ರೂ ನೆಟ್ಟವ್ನೆ ನೋಡಿ’ ಎಂದ ಕುಳ್ಳಯ್ಯ. ‘ಚೆಲ್ವಯ್ಯ, ನಿನ್ ಮಾತ್ಗೆ ಏನ್ ಬೆಲೆ ಉಳೀತು?’

ಕಾಳಪ್ಪ ಎದ್ದು ನಿಂತ. ಕೈಯಲ್ಲಿ ಮಣ್ಣಿತ್ತು. ‘ಮಂಕ್ರೀಲಿ ಎಲ್ಲಾರ್ಗೂ ಅವೆ. ಹನ್ನೊಂದ್ ಮನೇಗೂ ಸಮ. ಗೇದು ತಂದಿವ್ನಿ, ಬೇಡಿ ತಂದಿಲ್ಲ, ಯಾರೂ ತಲೆ ತಗ್ಸಬೇಕಾಗಿಲ್ಲ. ಇಂದ್ರಮ್ಮಾರ ಬೀಜ ಕೊಂದಿದ್ದು ನಾನು, ಅದು ನನ್ ಜೊತೇಲೇ ಇರ್ತದೆ. ಈ ನೆಲ ಬುಡಾಕಿಲ್ಲ. ನಾನು ನೆಟ್ಟಿರೋದು ತಪ್ಪಾದ್ರೆ ಬಂದು ಕಿತ್ತಾಕಿ. ಯಾರ್ ಕೀಳ್ತೀರೋ ಕೀಳಿ, ನಾನ್ ಅಡ್ಡ ಬರಾಕಿಲ್ಲ.’

ಕುಳ್ಳಯ್ಯ ಒಂದು ಹೆಜ್ಜೆ ಇಳಿದು, ಅಲ್ಲೇ ನಿಂತ. ಆಮೇಲೆ ಚೆಲುವಯ್ಯ ಏರಿಯಿಂದ ಇಳಿದ, ನಿಧಾನವಾಗಿ, ಮಂಡಿಯ ಮೇಲೆ ಕೈ ಊರಿಕೊಂಡು. ಸಾಲಿನ ಮೊದಲ ಸಸಿಯ ಮುಂದೆ ಬಗ್ಗಿದ. ಅದರ ಬುಡಕ್ಕೆ ಎರಡು ಬೆರಳು ಹಾಕಿ ಮೇಲಕ್ಕೆ ಎಳೆದ. ಸಸಿ ಬಂತು. ಅಡ್ಡ ಬರುವುದಿಲ್ಲ ಎಂದು ಕಾಳಪ್ಪ ತಾನೇ ಹೇಳಿದ್ದ. ಆ ಮಾತನ್ನು ಉಳಿಸಿಕೊಳ್ಳಲು ಅವನು ಎರಡು ಕೈಯನ್ನೂ ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು. ಮುದುಕ ಸಸಿಯನ್ನು ಬೆಳಕಿಗೆ ಹಿಡಿದು ಬೇರು ನೋಡಿದ. ಎಡಗೈಯಲ್ಲಿ ಕುಳಿಗೆ ಒಂದು ಹಿಡಿ ಮಣ್ಣು ಎಳೆದು, ಆಳ ಕಡಿಮೆ ಮಾಡಿ, ಸಸಿಯನ್ನು ಮತ್ತೆ ಅಲ್ಲೇ ಇಟ್ಟು, ಎರಡು ಹೆಬ್ಬೆರಳಿನಿಂದ ಬುಡವನ್ನು ಒತ್ತಿದ.

‘ಮೊಳೆ ಒಡ್ದಂಗ್ ನೆಟ್ಟಿದ್ದೀಯ’ ಎಂದ. ‘ಇಷ್ಟು ಆಳಕ್ಕೆ ಓದ್ರೆ ಕೊಳೀತದೆ.’

ಎರಡನೆಯದಕ್ಕೆ ಸರಿದು ಅದನ್ನೂ ಎತ್ತಿ ನೆಟ್ಟ. ಮೂರನೆಯದಕ್ಕೆ ಸರಿದ. ಏರಿಯ ಮೇಲಿದ್ದವರು ಒಬ್ಬೊಬ್ಬರಾಗಿ ಮಂಕರಿಯ ಕಡೆ ಇಳಿಯುತ್ತಿದ್ದರು. ಕಾಳಪ್ಪ ಅವರನ್ನು ನೋಡಲಿಲ್ಲ.

‘ಈ ಪಟ್ಟಿ ನಂದು’ ಎಂದ, ಮುದುಕನ ಬೆನ್ನಿಗೆ.

ಚೆಲುವಯ್ಯ ತಲೆ ಎತ್ತಲಿಲ್ಲ. ನಾಲ್ಕನೆಯ ಸಸಿಯ ಬುಡ ಒತ್ತುತ್ತಿದ್ದ.

‘ನಂದು ಅಂದೆ.’

‘ಕಿವಿ ಕೇಳ್ತದೆ ಕಣ್ಲಾ’ ಎಂದ ಚೆಲುವಯ್ಯ. ‘ನಿಂತ್ಕಂಡ್ ಏನ್ ನೋಡ್ತೀಯ, ಬೇರು ಒಣಗ್ತಾವೆ. ಓಗಿ ನೀರ್ ತತ್ತಾ ನಿನ್ ಪಟ್ಟಿಗೆ.’

ಕಾಳಪ್ಪ ಕೊಡ ಎತ್ತಿಕೊಂಡ. ಬಾವಿಯವರೆಗೆ ಎಲ್ಲರೂ ನೋಡುತ್ತಿದ್ದರು. ಅವನು ಓಡಲಿಲ್ಲ, ನಡೆದುಕೊಂಡೇ ಹೋದ.